ಬಸ್ಸಿನಲ್ಲಿ ನಿಕಲ್ ಸುದ್ದಿ

ಲೋಹಗಳು ಅಣುಗಳೊಳಗಿನ ಬಂಧವನ್ನು ಹೇಗೆ ಮುರಿಯುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಮೊನ್ನೆ ಪಡೀಲ್‌ಗೆ ಹೋಗುವ ಬಸ್ಸಿನಲ್ಲಿ ಕೂತು ಸಹೋದ್ಯೋಗಿಗೆ ಫೋನಿನಲ್ಲಿ ಹೇಳುತ್ತಿದ್ದೆ: "ನಿಕಲ್ ನಡುವೆ ಬಂದರೆ ಸಾಕು, ಎಂಥ ಗಟ್ಟಿ ಬಂಧವೂ ಮುರಿದು ಹೋಗ್ತದೆ."

ಫೋನಿಟ್ಟದ್ದೇ ಪಕ್ಕದ ಸೀಟಿನ ಹೆಂಗಸು ನನ್ನ ಕಡೆ ತಿರುಗಿದರು. ಅವರ ಮುಖ ಬಿಳುಚಿತ್ತು. "ಯಾವ ನಿಖಿಲ್? ಪಡೀಲ್‌ನವನಾ? ನನ್ನ ಮಗಳಿಗೆ ಅವನೊಟ್ಟಿಗೆ ನಿಶ್ಚಯ ಆಗಿ ಉಂಟು."

"ನಿಖಿಲ್ ಅಲ್ಲ ಅಕ್ಕ, ನಿಕಲ್. ಅದೊಂದು ಲೋಹ," ಎಂದೆ.

ಅವರಿಗೆ ನಂಬಿಕೆ ಬರಲಿಲ್ಲ. "ಮುರಿದ ಮೇಲೆ ಅದು ಎಂತ ಮಾಡ್ತದೆ?" ಎಂದು ಪೊಲೀಸರ ಹಾಗೆ ಕೇಳಿದರು.

ಪಾಠ ಮಾಡುವ ಚಟದಲ್ಲಿ ನಾನು ಇದ್ದದ್ದನ್ನೇ ಹೇಳಿಬಿಟ್ಟೆ. "ಅದಕ್ಕೆ ಎಂತದೂ ಆಗುವುದಿಲ್ಲ. ಇದ್ದ ಹಾಗೆಯೇ ಉಳಿದು, ಮತ್ತೊಂದರ ಹತ್ತಿರ ಹೋಗ್ತದೆ."

"ಹಾಗಾದರೆ ಅವನೇ," ಎಂದು ಅವರು ಗಂಡನಿಗೆ ಫೋನ್ ಮಾಡಿದರು.

ಬಸ್ಸು ಕಂಕನಾಡಿ ದಾಟುವಷ್ಟರಲ್ಲಿ ಆ ಫೋನ್ ಕಸಿದುಕೊಂಡು, ಗಂಡನಿಗೂ ರಸಾಯನಶಾಸ್ತ್ರ ವಿವರಿಸಿ, ಹೇಗೋ ಮದುವೆ ಉಳಿಸಿದೆ. ಈಗ ಬಸ್ಸಿನಲ್ಲಿ ತಾಮ್ರದ ವಿಷಯ ಮಾತ್ರ ಮಾತಾಡುತ್ತೇನೆ. ಆ ಹೆಸರನ್ನು ಯಾರೂ ಮಗನಿಗೆ ಇಟ್ಟಿರಲಾರರು.