ಈರಪ್ಪ ಮೇಷ್ಟ್ರ ಆರು ಬೆಂಚುಗಳು

ಈರಪ್ಪ ಮೇಷ್ಟ್ರ ಕೋಪ ಮೊದಲು ಕಿವಿಗೆ ಏರುತ್ತಿತ್ತು. ಮುಖ ಎಂದಿನಂತೆಯೇ ಇರುತ್ತಿತ್ತು, ದನಿಯೂ ಏರುತ್ತಿರಲಿಲ್ಲ, ಕಿವಿಯ ತುದಿಗಳು ಮಾತ್ರ ಕೆಂಪಗಾಗುತ್ತಿದ್ದವು. ಅವರು ತರಗತಿಯ ಹೊಸ್ತಿಲು ದಾಟುತ್ತಿದ್ದಂತೆ ನಾವು ಮೊದಲು ನೋಡುತ್ತಿದ್ದುದು ಕಿವಿಗಳನ್ನೇ. ಕೆಂಪಗಿದ್ದರೆ ಆ ದಿನ ಪಾಠದ ಪುಸ್ತಕ ತೆರೆಯುವ ಹಾಗಿಲ್ಲ, ಪತ್ರಿಕೆಯಲ್ಲಿ ಏನೋ ಬಂದಿದೆ ಎಂದು ಅರ್ಥ. ನಮ್ಮ ಮೇಲೆ ಅವರು ಒಂದು ದಿನವೂ ಕೈ ಎತ್ತಲಿಲ್ಲ. ಅವರ ಸಿಟ್ಟೆಲ್ಲ ದೆಹಲಿಯಲ್ಲೋ ಲಂಡನ್ನಿನಲ್ಲೋ ಕುಳಿತು ನಮ್ಮನ್ನು ಕೇಳದೆ ನಮ್ಮ ವಿಷಯ ತೀರ್ಮಾನಿಸುತ್ತಿದ್ದವರ ಮೇಲೆ.

ಇದು ಮೂವತ್ತರ ದಶಕದ ಕೊನೆಯ ಮಾತು. ಬೇಲೂರಿನಲ್ಲಿ ನನ್ನ ಅಪ್ಪ ತಾಲ್ಲೂಕು ಕಚೇರಿಯ ಗುಮಾಸ್ತರು. ಊರಿನ ಶಾಲೆಯೊಂದರಲ್ಲಿ ಹುಡುಗರ ಜೊತೆ ಓದುತ್ತಿದ್ದ ನಾಲ್ಕು ಹುಡುಗಿಯರಲ್ಲಿ ನಾನೊಬ್ಬಳು. ಮೇಷ್ಟ್ರು ಅರಸೀಕೆರೆ ಕಡೆಯ ಒಂದು ಹಳ್ಳಿಯವರು. ಸಂಸಾರ ಹೆಂಡತಿಯ ತವರು ಹಳೇಬೀಡಿನಲ್ಲಿತ್ತು, ಶನಿವಾರ ಶಾಲೆ ಬಿಟ್ಟ ಮೇಲೆ ಅಲ್ಲಿಗೆ ನಡೆದೇ ಹೋಗುತ್ತಿದ್ದರು. ಪತ್ರಿಕೆ ರೈಲಿನಲ್ಲಿ ಅರಸೀಕೆರೆಗೆ ಬಂದು, ಅಲ್ಲಿಂದ ಬಸ್ಸು ಹತ್ತಿ ಬೇಲೂರು ಸೇರುವಷ್ಟರಲ್ಲಿ ಒಂದು ದಿನ ಹಳೆಯದಾಗಿರುತ್ತಿತ್ತು. ಬಸ್ಸು ನಿಲ್ಲುವ ಕಡೆಯ ಹೋಟೆಲಿನಲ್ಲಿ ನಿಂತುಕೊಂಡೇ ಅದನ್ನು ಕೊನೆಯ ಸಾಲಿನವರೆಗೆ ಓದಿ, ಒಂದು ಲೋಟ ಕಾಫಿ ಕುಡಿದು, ಅವರು ಶಾಲೆಗೆ ಬರುತ್ತಿದ್ದರು.

ಒಂದು ದಿನ ಕಿವಿ ಕೆಂಪಗೆ ಮಾಡಿಕೊಂಡು ಬಂದವರೇ ನಮ್ಮನ್ನೆಲ್ಲ ಎಬ್ಬಿಸಿ ಯಗಚಿ ಹೊಳೆಯ ದಂಡೆಗೆ ಕರೆದುಕೊಂಡು ಹೋದರು. ಮೈಸೂರಿನವರು ಕಾವೇರಿ ನೀರು ಬಳಸಲು ಮದ್ರಾಸಿನವರನ್ನು ಕೇಳಬೇಕಾಗಿ ಬಂದ ವಿಷಯ ಪತ್ರಿಕೆಯಲ್ಲಿತ್ತೆಂದು ಕಾಣುತ್ತದೆ. ನೀರು ತೋರಿಸಿ ಇದು ಯಾರದು ಎಂದು ಕೇಳಿದರು. ನಾವೆಲ್ಲ ಒಕ್ಕೊರಲಿನಿಂದ ಬೇಲೂರಿನದು ಎಂದೆವು. "ಬೇಲೂರಿಂದಾ? ಹಂಗಾದ್ರೆ ಹಿಡ್ಕೊಳ್ರಲಾ ನೋಡಾನ" ಎಂದರು. ಆಮೇಲೆ ಮರಳಿನ ಮೇಲೆ ಕೋಲಿನಿಂದ ಗೀಚುತ್ತಾ ಯಗಚಿ ಹೇಮಾವತಿಗೆ, ಹೇಮಾವತಿ ಕಾವೇರಿಗೆ, ಕಾವೇರಿ ಮದ್ರಾಸಿನ ಗದ್ದೆಗಳಿಗೆ ಹೋಗುವುದನ್ನು ತೋರಿಸಿದರು. ಮೇಲಿನವನು ತಡೆದರೆ ಕೆಳಗಿನವನು ಸಾಯುತ್ತಾನೆ, ಕೆಳಗಿನವನೇ ಯಜಮಾನನಾದರೆ ಮೇಲಿನವನು ಸಾಯುತ್ತಾನೆ, ಅದಕ್ಕೇ ಇಬ್ಬರೂ ಸಮನಾಗಿ ಕೂತು ಮಾತಾಡುವ ಒಂದು ಜಗಲಿ ಬೇಕು, ಆ ಜಗಲಿಯ ಹೆಸರೇ ಒಕ್ಕೂಟ ಎಂದರು. ಈಗ ವೇದಿಕೆ ಹತ್ತಿ ಒಕ್ಕೂಟದ ಬಗ್ಗೆ ಗಂಟೆಗಟ್ಟಲೆ ಕೊರೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಈರಪ್ಪ ಮೇಷ್ಟ್ರಿಗೆ ಅಷ್ಟು ಹೇಳಲು ಒಂದು ಕೋಲು ಸಾಕಾಗಿತ್ತು.

ಆ ಕಾಲದಲ್ಲಿ ಬ್ರಿಟಿಷರ ಪ್ರಾಂತಗಳನ್ನೂ ನಮ್ಮ ಮೈಸೂರಿನಂಥ ರಾಜರ ಸಂಸ್ಥಾನಗಳನ್ನೂ ಸೇರಿಸಿ ಒಂದು ಒಕ್ಕೂಟ ಮಾಡುವ ಮಾತು ನಡೆದಿತ್ತು. ಅದರ ಸಭೆಗೆ ಪ್ರಾಂತಗಳಿಂದ ಚುನಾವಣೆಯಲ್ಲಿ ಗೆದ್ದವರು ಹೋಗುವುದು, ಸಂಸ್ಥಾನಗಳಿಂದ ರಾಜರು ನೇಮಿಸಿದವರು ಹೋಗುವುದು ಎಂದು ಗೊತ್ತುಮಾಡಿದ್ದರು. ಅದನ್ನು ಓದಿದ ದಿನ ಮೇಷ್ಟ್ರ ಕಿವಿಗಳನ್ನು ನೋಡಬೇಕಿತ್ತು. ನಮ್ಮ ತರಗತಿಯಲ್ಲಿ ಆರು ಬೆಂಚುಗಳಿದ್ದವು. ಬಾಗಿಲ ಕಡೆಯ ಮೂರನ್ನು ಪ್ರಾಂತಗಳೆಂದೂ ಪಡುವಣ ಕಿಟಕಿಯ ಕಡೆಯ ಮೂರನ್ನು ಸಂಸ್ಥಾನಗಳೆಂದೂ ಮಾಡಿದರು. ಬೆಂಚಿನೊಳಗೆ ಯಾರು ಎಲ್ಲಿ ಕೂರಬೇಕೆನ್ನುವುದು ಆಯಾ ಬೆಂಚಿನ ಸ್ವಂತ ವಿಷಯ. ಕುಡಿಯುವ ನೀರಿನ ಹೂಜಿ, ಗೋಡೆಯ ಭೂಪಟ, ಕಿಟಕಿಯ ಬಾಗಿಲು, ಈ ಮೂರು ಎಲ್ಲರಿಗೂ ಸೇರಿದ್ದು. ಶುಕ್ರವಾರದ ಕೊನೆಯ ಪೀರಿಯಡ್ಡಿನಲ್ಲಿ ಬೆಂಚಿಗೊಂದು ಮತದಂತೆ ಅವುಗಳ ತೀರ್ಮಾನ. ಪ್ರಾಂತದ ಬೆಂಚಿನವರು ಕೈ ಎತ್ತಿ ತಮ್ಮ ಪ್ರತಿನಿಧಿಯನ್ನು ಆರಿಸಿಕೊಂಡರು. ಕೊನೆಯ ಬೆಂಚಿನ ಐದು ಜನ ಮಾದಿಹಳ್ಳಿ ಕಡೆಯ ಹುಡುಗರು, ಅವರು ಬೋರೇಗೌಡನನ್ನು ಆರಿಸಿದರು. ಸಂಸ್ಥಾನಗಳಿಗೆ ಮೇಷ್ಟ್ರೇ ದೊರೆಗಳನ್ನು ನೇಮಿಸಿದರು. ನಮ್ಮ ಹುಡುಗಿಯರ ಬೆಂಚಿಗೆ ಡಾಕ್ಟರ ಮಗಳು ರುಕ್ಮಿಣಿ ದೊರೆಯಾದಳು.

ಮಧ್ಯಾಹ್ನದ ಬಿಸಿಲು ಆ ಕಿಟಕಿಯಿಂದ ನೇರ ನಮ್ಮ ಕತ್ತಿನ ಮೇಲೆ ಬೀಳುತ್ತಿತ್ತು. ರುಕ್ಮಿಣಿ ಮಾತ್ರ ಗೋಡೆಯ ಮಗ್ಗುಲಲ್ಲಿ ನೆರಳಿನಲ್ಲಿದ್ದಳು. ಕಿಟಕಿ ಮುಚ್ಚಬೇಕೇ ಎಂದು ಮತಕ್ಕೆ ಹಾಕಿದಾಗ ಮೂರು ಬೆಂಚುಗಳು ಮುಚ್ಚಿ ಎಂದವು. ಬೋರೇಗೌಡನಿಗೆ ಬಿಸಿಲು ತಾಗುತ್ತಿರಲಿಲ್ಲ, ಆದರೂ ಅವನು ಮುಚ್ಚಿ ಎಂದ. ಎರಡು ಬೆಂಚುಗಳು ಬೇಡ ಎಂದವು. ನಮ್ಮದೊಂದು ಮತ ಬಿದ್ದಿದ್ದರೆ ಕಿಟಕಿ ಮುಚ್ಚುತ್ತಿತ್ತು. ರುಕ್ಮಿಣಿ ಗಾಳಿ ಬೇಕು ಎಂದಳು. ಮತ ಸಮಸಮ ಬಂದು ಕಿಟಕಿ ತೆರೆದೇ ಉಳಿಯಿತು. ನಾನು ಎದ್ದು ನಿಂತು ಇದು ಅನ್ಯಾಯ, ಬಿಸಿಲಿಗೆ ಬೇಯುತ್ತಿರುವವರು ನಾವು ಎಂದೆ.

"ನಿಮ್ಮ ಸಂಸ್ಥಾನದ ಮತ ಬಿದ್ದಾಯ್ತಲ್ಲವ್ವಾ. ದೆಹಲಿಗೆ ನಿಮ್ಮ ಬೆಂಚು ಬಂದೈತೆ. ನೀವು ಬಂದಿಲ್ಲ, ಅಷ್ಟೇಯ" ಎಂದರು ಮೇಷ್ಟ್ರು.

ಒಂದು ತಿಂಗಳು ಹಾಗೆಯೇ ಕೂರಿಸಿದರು. ನನಗೆ ರುಕ್ಮಿಣಿಯ ಜಡೆ ಹಿಡಿದು ಎಳೆಯುವಷ್ಟು ಸಿಟ್ಟು. ಅದನ್ನು ಗಮನಿಸಿ ಮೇಷ್ಟ್ರು ಒಂದು ದಿನ, "ಮಹಾರಾಜರು ಒಳ್ಳೇರೇ. ರುಕ್ಮಿಣೀನೂ ಒಳ್ಳೆ ಹುಡುಗೀನೇ. ಮಾತು ಅದಲ್ಲ" ಎಂದರು. ಈ ಒಂದು ಮಾತನ್ನು ನಾನು ಒತ್ತಿ ಹೇಳಬೇಕು. ಮಹಾರಾಜರ ಬಗ್ಗೆ ಹಗುರವಾದ ಒಂದು ಶಬ್ದವೂ ಅವರ ಬಾಯಿಂದ ಬರಲಿಲ್ಲ.

ನಮ್ಮ ಹೆಡ್ ಮೇಷ್ಟ್ರ ಹೆಸರು ಬರೆಯಲು ನನಗೆ ಮನಸ್ಸಿಲ್ಲ. ಇನ್‌ಸ್ಪೆಕ್ಟರು ಬರುವ ವಾರ ಅವರು ಮಕ್ಕಳಿಗೆ ಒಂದು ವಿದ್ಯೆ ಹೇಳಿಕೊಡುತ್ತಿದ್ದರು. ಪ್ರಶ್ನೆ ಕೇಳಿದಾಗ ಎಲ್ಲರೂ ಕೈ ಎತ್ತಬೇಕು, ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಹೆಡ್ ಮೇಷ್ಟ್ರು ಬಲಗೈ ನೋಡಿ ಬೆರಳು ತೋರಿಸುತ್ತಿದ್ದರು. ಶಾಲೆಯ ತುಂಬ ಸರಸ್ವತಿಯೇ ಕುಣಿಯುತ್ತಿದ್ದಾಳೆಂದು ಇನ್‌ಸ್ಪೆಕ್ಟರು ಬರೆದು ಹೋಗುತ್ತಿದ್ದರು. ಈರಪ್ಪ ಮೇಷ್ಟ್ರಿಗೆ ಇದನ್ನು ಕಂಡರೆ ಅಸಹ್ಯ. ಗೊತ್ತಿದ್ದರೆ ಎತ್ತಿ, ಇಲ್ಲದಿದ್ದರೆ ಕೈ ತೊಡೆಯ ಮೇಲಿರಲಿ ಎಂದು ನಮಗೆ ಹೇಳಿದ್ದರು. ಆದರೂ ಆ ದಿನ ಹೆಡ್ ಮೇಷ್ಟ್ರು ಬೆತ್ತ ಹಿಡಿದು ಬಾಗಿಲಲ್ಲಿ ನಿಂತದ್ದರಿಂದ ಎಲ್ಲ ಕೈಗಳೂ ಮೇಲಿದ್ದವು.

ಲೆಕ್ಕ ಮುಗಿದು ಭೂಗೋಳ ಮುಗಿದು, ಪತ್ರಿಕೆಯಲ್ಲಿ ಈಗ ಒಕ್ಕೂಟ ಒಕ್ಕೂಟ ಎನ್ನುತ್ತಾರಲ್ಲ, ಅದೇನೆಂದು ಬಲ್ಲಿರಾ ಎಂದು ಇನ್‌ಸ್ಪೆಕ್ಟರು ಸುಮ್ಮನೆ ಕೇಳಿದರು. ಬಲಗೈ ಎತ್ತಿದವರು ಹತ್ತಾರು ಜನ. ಮೇಷ್ಟ್ರು ಗೋಡೆಗೆ ಒರಗಿ ನನ್ನತ್ತ ನೋಡಿ ಸಣ್ಣಗೆ ತಲೆ ಅಲ್ಲಾಡಿಸಿದರು. ನಾನು ಅದನ್ನು ಕಂಡೂ ಕೈ ಇಳಿಸಲಿಲ್ಲ. ಹೆಡ್ ಮೇಷ್ಟ್ರು ಅಷ್ಟು ಕೈಗಳ ನಡುವೆ ನನ್ನನ್ನೇ ಹುಡುಕಿ ಬೆರಳು ತೋರಿಸಿದರು. ಎಷ್ಟೋ ಶುಕ್ರವಾರ ಅವರು ನಮ್ಮ ಕಿಟಕಿಯ ಹೊರಗೆ ನಿಂತು ಕೇಳಿಸಿಕೊಂಡು ಹೋಗಿದ್ದವರು. ಯಾರ ಬಾಯಲ್ಲಿ ಏನು ಬರುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಪ್ರಾಂತದವರು ತಾವೇ ಆರಿಸಿದವರನ್ನು ಕಳಿಸುತ್ತಾರೆ, ಸಂಸ್ಥಾನದಿಂದ ರಾಜರಿಗೆ ಬೇಕಾದವರು ಹೋಗುತ್ತಾರೆ, ಆದ್ದರಿಂದ ಮೈಸೂರು ಒಕ್ಕೂಟಕ್ಕೆ ಹೋದರೂ ಮೈಸೂರಿನ ಜನ ಹೋದಂತಾಗುವುದಿಲ್ಲ ಎಂದು ನಾನು ಗಟ್ಟಿಯಾಗಿ ಹೇಳಿದೆ. ಇನ್‌ಸ್ಪೆಕ್ಟರು ನಕ್ಕು, ಯಾರು ಹೇಳಿಕೊಟ್ಟರಮ್ಮ ಎಂದರು. ಹೆಮ್ಮೆಯಿಂದ ಗೋಡೆಯ ಕಡೆ ಕೈ ತೋರಿಸಿದೆ. ಅವರು ಭೇಷ್ ಎಂದು ಪುಸ್ತಕದಲ್ಲಿ ಏನೋ ಬರೆದುಕೊಂಡರು. ನನಗೆ ಬಹುಮಾನ ಬರುತ್ತದೆಂದು ಮನೆಯಲ್ಲಿ ಹೇಳಿಕೊಂಡು ಕುಣಿದೆ. ಅಪ್ಪ ಊಟದ ಎಲೆಯ ಮುಂದೆ ಕೂತವರು ಅನ್ನ ಕಲಸುವುದನ್ನು ನಿಲ್ಲಿಸಿ, ಇನ್ನೊಮ್ಮೆ ಹೇಳು, ಏನಂದೆ ಎಂದು ಕೇಳಿದರು.

ಹದಿನೈದು ದಿನಕ್ಕೆ, ಮಹಾರಾಜರ ವಿರುದ್ಧ ಮಕ್ಕಳಿಗೆ ಹೇಳಿಕೊಟ್ಟರೆಂಬ ದೂರಿನ ವಿಚಾರಣೆ ಮುಗಿಯುವವರೆಗೆ ಶಾಲೆಗೆ ಬರಬೇಡಿ ಎಂದು ಮೇಷ್ಟ್ರಿಗೆ ಹುಕುಂ ಬಂತು. ಅವರನ್ನು ವರ್ಗ ಮಾಡಿ ಅರೇಹಳ್ಳಿ ಕಡೆಯ ಕಾಡಿಗೆ ಎಸೆಯುತ್ತಾರೆ, ಅಷ್ಟಕ್ಕೇ ಮುಗಿಯುತ್ತದೆ ಎಂದು ಉಳಿದ ಮೇಷ್ಟ್ರುಗಳು ಮಾತಾಡಿಕೊಳ್ಳುತ್ತಿದ್ದರು. ಒಬ್ಬರಾದರೂ ಅವರ ಪರವಾಗಿ ಬಾಯಿ ಬಿಡಲಿಲ್ಲ. ಆಗ ಹೆಡ್ ಮೇಷ್ಟ್ರು ಒಂದು ಕಾಗದ ಹಿಡಿದು ತರಗತಿಗೆ ಬಂದರು. ಈರಪ್ಪನವರು ಏನೇನು ಹೇಳಿಕೊಟ್ಟರೆಂದು ಇದರಲ್ಲಿ ಬರೆದಿದೆ, ಎಲ್ಲರೂ ಕೆಳಗೆ ಸಹಿ ಹಾಕಿ ಎಂದರು. ರುಕ್ಮಿಣಿ ಮೊದಲು ಹಾಕಿದಳು. ಕಾಗದ ನನ್ನ ಮುಂದೆ ಬಂತು. ದುಂಡಗಿನ, ಒಂದಕ್ಕೊಂದು ತಾಗದ ಅಕ್ಷರಗಳು. ಅದು ಅಪ್ಪನ ಕೈಬರಹ. ಕಚೇರಿಯಲ್ಲಿ ಅಂದವಾಗಿ ಬರೆಯಬೇಕಾದದ್ದೆಲ್ಲ ಅಪ್ಪನ ಕೈಗೇ ಬರುತ್ತಿತ್ತು. ಇದನ್ನೂ ಅವರ ಕೈಯಲ್ಲೇ ಬರೆಸಿದ್ದರು, ಅವರು ಬರೆದುಕೊಟ್ಟಿದ್ದರು. ನಾನು ಸಹಿ ಹಾಕಿ ಕಾಗದವನ್ನು ಮುಂದಕ್ಕೆ ತಳ್ಳಿದೆ.

ಕೊನೆಯ ಬೆಂಚಿಗೆ ಹೋದಾಗ ಬೋರೇಗೌಡ ಎದ್ದು ನಿಂತ. "ಏನ್ ಬರ್ದೈತೆ ಅಂತ ಓದಿ ಹೇಳಿ ಸಾ. ಆಮೇಲೆ ನಮ್ಮ ಬೆಂಚು ಕೈ ಎತ್ತಿ ಹೇಳ್ತೀವಿ" ಎಂದ. ಹೆಡ್ ಮೇಷ್ಟ್ರು ಓದಲಿಲ್ಲ. ಐದು ಹುಡುಗರನ್ನೂ ಸಾಲಾಗಿ ನಿಲ್ಲಿಸಿ, ಬೆತ್ತದ ತುದಿ ಸೀಳುವವರೆಗೆ ಹೊಡೆದರು. ಒಬ್ಬನೂ ಸಹಿ ಹಾಕಲಿಲ್ಲ. ಮಾರನೆಯ ದಿನದಿಂದ ಬೋರೇಗೌಡ ಶಾಲೆಗೆ ಬರಲಿಲ್ಲ. ಮೇಷ್ಟ್ರನ್ನು ಕೆಲಸದಿಂದಲೇ ತೆಗೆದರು.

ಮೇಷ್ಟ್ರ ಮೇಲೂ ನನಗೆ ಕೋಪವಿದೆ, ಮುಚ್ಚಿಡುವುದೇಕೆ? ಇದು ಅಪಾಯದ ಪಾಠ ಎಂದು ಅವರು ನಮಗೆ ಮೊದಲೇ ಹೇಳಬೇಕಿತ್ತು. ಹಳೇಬೀಡಿನಲ್ಲಿ ಹೆಂಡತಿ, ಮೂರು ಮಕ್ಕಳು ಇದ್ದರು. ಅವರ ಮುಖ ನೋಡಿಯಾದರೂ ಸ್ವಲ್ಪ ತಗ್ಗಬಹುದಿತ್ತು. ಹೀಗೆ ಅಂದುಕೊಂಡ ಮರುಗಳಿಗೆಯೇ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ತಗ್ಗಿ ನಡೆದವರೆಲ್ಲ ಆ ಊರಿನಲ್ಲಿ ನೆಮ್ಮದಿಯಾಗಿ ಪಿಂಚಣಿ ತೆಗೆದುಕೊಂಡರು.

ಮತ್ತೆ ಅವರನ್ನು ನೋಡಿದ್ದು ನಲವತ್ತೇಳರಲ್ಲಿ, ಅರಸೀಕೆರೆ ಸ್ಟೇಷನ್ನಿನಲ್ಲಿ. ಮೈಸೂರು ಒಕ್ಕೂಟಕ್ಕೆ ಸೇರಿತೆಂಬ ಸುದ್ದಿ ಬಂದ ವಾರ ಅದು. ನಾನು ಉಪಾಧ್ಯಾಯಿನಿಯ ಕೆಲಸಕ್ಕೆ ಅರ್ಜಿ ಹಾಕಿ ಅಪ್ಪನ ಜೊತೆ ಬೆಂಗಳೂರಿಗೆ ಹೊರಟಿದ್ದೆ. ಗೂಡ್ಸ್ ಷೆಡ್ಡಿನ ಮುಂದೆ ಕೊಬ್ಬರಿ ಮೂಟೆಗಳ ಮೇಲೆ ಸಗಟು ಮಂಡಿಯ ಗುರುತು ಬರೆಯುತ್ತಿದ್ದವರು ತಲೆ ಎತ್ತಿದರು. ಕೂದಲು ಪೂರ್ತಿ ನರೆತಿತ್ತು. ನಾನು ಹತ್ತಿರ ಹೋಗಿ ನಮಸ್ಕಾರ ಮಾಡಿದೆ. ಗುಮಾಸ್ತರ ಮಗಳಲ್ಲವೇ ಎಂದರು. ಬೇರೇನೂ ತೋಚದೆ, ಅಂತೂ ಒಕ್ಕೂಟ ಬಂತಲ್ಲ ಮೇಷ್ಟ್ರೇ ಎಂದೆ. ಅವರ ಕಿವಿಗಳು ನನ್ನ ಕಣ್ಣೆದುರಿಗೇ ಕೆಂಪಗಾದವು.

"ಯಾರು ಸೇರಿದ್ರು? ದೊರೆಗಳು ಸಹಿ ಹಾಕವ್ರೆ, ಬೆಂಚು ಹೋಗೈತೆ. ನಿನ್ನ ಕೇಳಿದ್ರಾ? ಈ ಮೂಟೆ ಹೊರೋನ್ನ ಕೇಳಿದ್ರಾ? ಇನ್ನೂ ಕೇಳಿಲ್ಲ ಕಣವ್ವಾ. ಕೇಳೋ ತಂಕ ಬಿಡಬಾರ್ದು" ಎಂದರು. ಜನರೇ ಆರಿಸಿದ ಜವಾಬ್ದಾರಿ ಸರ್ಕಾರ ಬೇಕೆಂದು ಅರಸೀಕೆರೆಯಲ್ಲಿ ಮೆರವಣಿಗೆ ಹೊರಡುವುದಿದೆ, ತಾವೂ ಹೋಗುವುದಾಗಿ ಹೇಳಿದರು.

ಅಷ್ಟರಲ್ಲಿ ಅಪ್ಪ ಹಾಸಿಗೆಯ ಸುರುಳಿ ಹಿಡಿದು ಹಿಂದೆ ಬಂದು ನಿಂತಿದ್ದರು. ಮೇಷ್ಟ್ರು ಅವರಿಗೂ ಕೈ ಮುಗಿದರು. "ನಿಮ್ಮ ಅಕ್ಷರ ಚೆನ್ನಾಗೈತೆ ಸ್ವಾಮಿ. ವಿಚಾರಣೇಲಿ ತೋರ್ಸಿದ್ರು" ಎಂದರು. ಅಪ್ಪ ಬಗ್ಗಿ ಹಾಸಿಗೆಯ ಹಗ್ಗ ಬಿಗಿಯತೊಡಗಿದರು. ಅದು ಬಿಗಿಯಾಗಿಯೇ ಇತ್ತು.

ನನಗೆ ಅಳು ಬಂತು. ಸಹಿ ಹಾಕಿದ್ದು ತಪ್ಪಾಯಿತು, ಕ್ಷಮಿಸಿ ಮೇಷ್ಟ್ರೇ ಎಂದೆ.

"ನೀನು ಹೇಳಿದ ಉತ್ತರ ಸರಿಯಾಗಿತ್ತು. ಅದಕ್ಕೆ ನಂಗೆ ಬೇಜಾರಿಲ್ಲ. ಸಹಿ ವಿಚಾರ ನನ್ನ ಯಾಕೆ ಕೇಳ್ತೀಯ? ಏಟು ತಿಂದ ಐದು ಹುಡುಗ್ರು ಅವ್ರೆ, ಹೋಗಿ ಅವ್ರನ್ನ ಕೇಳು" ಎಂದು ಹೇಳಿ ಮುಂದಿನ ಮೂಟೆಯ ಕಡೆ ತಿರುಗಿದರು.

ಮೆರವಣಿಗೆಯಲ್ಲಿ ಪೊಲೀಸರು ಮೇಷ್ಟ್ರನ್ನು ಹಿಡಿದು ಲಾರಿಗೆ ಹತ್ತಿಸಿದರಂತೆ. ಬಿಡುಗಡೆಯಾಗಿ ಬಂದಾಗ ಮೈತುಂಬ ಜ್ವರ. ಹಳೇಬೀಡಿನ ಮನೆಯಲ್ಲಿ ಎಂಟು ದಿನ ಮಲಗಿ ತೀರಿಕೊಂಡರು. ಸುದ್ದಿ ನನಗೆ ತಿಳಿದದ್ದು ಎಲ್ಲ ಮುಗಿದು ತಿಂಗಳಾದ ಮೇಲೆ.

ಆಗ ಮಾದಿಹಳ್ಳಿಗೆ ಹೋದೆ. ಬೋರೇಗೌಡ ಹಟ್ಟಿಯ ಮುಂದೆ ಎಮ್ಮೆ ತೊಳೆಯುತ್ತಿದ್ದ. ಗುರುತು ಹಿಡಿದ, ಕೂರಿ ಎನ್ನಲಿಲ್ಲ. ಬರುವಾಗ ಬಸ್ಸಿನಲ್ಲಿ ಕಟ್ಟಿಕೊಂಡಿದ್ದ ಮಾತುಗಳನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಅವನು ಎಮ್ಮೆಯ ಬೆನ್ನಿನಿಂದ ಕೈ ತೆಗೆಯದೆ ಕೇಳಿಸಿಕೊಂಡ. ಆಮೇಲೆ ನನ್ನ ಕಡೆ ತಿರುಗಿ, "ಕ್ಷಮೆ ಗಿಮೆ ಇರಲಿ ಬಿಡಿ. ಓದಿ ಹೇಳಿ ಅಂದಿದ್ದಕ್ಕೇ ನಂಗೆ ಹೊಡುದ್ರು. ಇವತ್ತಿಗೂ ಗೊತ್ತಾಗ್ಲಿಲ್ಲ. ನೀವು ಸಹಿ ಹಾಕಿದ್ರಲ್ಲ, ಆ ಕಾಗದದಾಗೆ ಏನ್ ಬರ್ದಿತ್ತು?" ಎಂದು ಕೇಳಿದ.

ಅದನ್ನು ನಾನೂ ಓದಿರಲಿಲ್ಲ.