ಜೇಬಿನಲ್ಲಿ ಫ್ಯೂಸ್

ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ನಾನು ಸೂಪರ್‌ವೈಸರ್ ಆಗಿದ್ದಾಗ, ಕುಂಬಾರಕೊಪ್ಪಲಿನ ಫಿಟ್ಟರ್ ಒಬ್ಬರು ನನ್ನ ಜೀವ ಹಿಂಡುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಹಿರಿಯರು, ಕೆಲಸದಲ್ಲಿ ಎತ್ತಿದ ಕೈ. ಆದರೆ ಯಾರನ್ನೂ ನಂಬದ ಮನುಷ್ಯ. ಯಾವ ಯಂತ್ರ ರಿಪೇರಿಗೆ ಬಂದರೂ ಅದರ ಫ್ಯೂಸ್ ಕಿತ್ತು ತಮ್ಮ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಊಟಕ್ಕೆ ಹೋದರೂ ಅದು ಅವರ ಜೊತೆಯಲ್ಲೇ. ಕೆಲಸಗಾರರು ಅವರಿಗೆ ‘ಅನುಮಾನದಪ್ಪ’ ಎಂದು ಹೆಸರಿಟ್ಟಿದ್ದರು. ಆ ಹೆಸರಿಗೆ ನಾನೂ ನಗುತ್ತಿದ್ದೆ.

“ನಮ್ಮ ಮೇಲೆ ಅಷ್ಟೂ ನಂಬಿಕೆ ಇಲ್ವೇನ್ರೀ?” ಎಂದು ಒಮ್ಮೆ ರೇಗಿದೆ.

“ಐತೆ ಸಾ. ಫ್ಯೂಸು ಜೇಬ್ನಲ್ಲಿದ್ರೆ ಇನ್ನೂ ಜಾಸ್ತಿ ಐತೆ.”

ನನ್ನದು ಮೊದಲೇ ಮುಂಗೋಪ. ಇವರಿಂದ ಕೆಲಸ ತಡವಾಗುತ್ತಿದೆ, ಬೇರೆ ವಿಭಾಗಕ್ಕೆ ಹಾಕಿ ಎಂದು ಮ್ಯಾನೇಜರಿಗೆ ಬರೆದುಕೊಟ್ಟೆ.

ಅದೇ ವಾರ ತಗಡು ಬಗ್ಗಿಸುವ ದೊಡ್ಡ ಪ್ರೆಸ್ ಕೈಕೊಟ್ಟಿತು. ಮಧ್ಯಾಹ್ನ ನಾನು ಬಂದಾಗ ಯಂತ್ರದ ಮುಂದೆ ಯಾರೂ ಇರಲಿಲ್ಲ. ರಿಪೇರಿ ಮುಗಿದಿದೆ ಎಂದುಕೊಂಡೆ. ಮಾಲು ಸಂಜೆಯೊಳಗೆ ಹೋಗಬೇಕಿತ್ತು. ಸ್ವಿಚ್ ಹಾಕಿ ಹಸಿರು ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಮತ್ತೊಮ್ಮೆ ಒತ್ತಿದೆ. ಬೈದುಕೊಳ್ಳುತ್ತಾ ಹಿಂಬದಿಗೆ ಹೋಗಿ ನೋಡಿದರೆ, ಆ ಫಿಟ್ಟರ್ ಮಂಡಿಯೂರಿ ಕೂತಿದ್ದರು. ಎರಡೂ ಕೈ ಮೊಣಕೈವರೆಗೆ ಪ್ರೆಸ್ಸಿನ ಒಳಗಿದ್ದವು. ಫ್ಯೂಸ್ ಅಂಗಿಯ ಜೇಬಿನಿಂದ ಇಣುಕುತ್ತಿತ್ತು.

ಓಡಿಹೋಗಿ ಸ್ವಿಚ್ ಆರಿಸಿ ಬಂದೆ.

“ಒತ್ತಿದ್ದು ನಾನೇ,” ಎಂದೆ.

“ಸದ್ದು ಕೇಳುಸ್ತು ಸಾ,” ಎಂದರು. “ಆ ಸ್ಪ್ಯಾನರ್ ಒಸಿ ಕೊಡಿ.”

ಬರೆದುಕೊಟ್ಟಿದ್ದ ದೂರನ್ನು ಅವತ್ತೇ ವಾಪಸ್ ತೆಗೆದುಕೊಂಡೆ. ಆದರೆ ಮ್ಯಾನೇಜರ್ ಕಾರಣ ಕೇಳಿದಾಗ ನಿಜ ಹೇಳುವ ಧೈರ್ಯ ಬರಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮುಂದಿನ ತಿಂಗಳು ಆಯುಧಪೂಜೆ. ಆ ದಿನ ಕೆಲಸಗಾರರ ಮನೆಯವರೆಲ್ಲ ಯಂತ್ರ ನೋಡಲು ಕಾರ್ಖಾನೆಗೆ ಬರುತ್ತಾರೆ. ಆ ಫಿಟ್ಟರ್ ಹೆಂಡತಿಯೂ ಬಂದಿದ್ದರು. ಕಡ್ಲೆಪುರಿ ಪೊಟ್ಟಣ ಹಿಡಿದು ನನ್ನ ಹತ್ತಿರ ನಿಂತು, “ಮನೇಲೂ ಇಂಗೇಯ ಸಾ,” ಎಂದು ದೂರಿದರು. “ಗ್ಯಾಸ್ ಆರ್ಸಿದ್ದೀನಿ ಅಂದ್ರೂ ಎದ್ದೋಗಿ ನೋಡ್ತಾರೆ. ಕಟ್ಕೊಂಡ ಹೆಂಡ್ತಿನೇ ನಂಬಲ್ಲ. ನೀವಾದ್ರೂ ಒಸಿ ಬುದ್ಧಿ ಹೇಳಿ.”

ನಡೆದದ್ದನ್ನು ಆತ ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ ಎಂದು ಆಗ ಗೊತ್ತಾಯಿತು. ಸುಮ್ಮನೆ ನಕ್ಕು ಜಾರಿಕೊಳ್ಳಬಹುದಿತ್ತು. ಆಗಲಿಲ್ಲ. ಗುಂಡಿ ಒತ್ತಿದ್ದು, ಕೈ ಒಳಗಿದ್ದದ್ದು, ಫ್ಯೂಸ್ ಜೇಬಿನಲ್ಲಿದ್ದದ್ದು, ಎಲ್ಲವನ್ನೂ ಹೇಳಿಬಿಟ್ಟೆ.

ಆಕೆ ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಪೊಟ್ಟಣವನ್ನು ನನ್ನ ಕೈಗಿಟ್ಟು, ಪ್ರೆಸ್ಸಿಗೆ ಕುಂಕುಮ ಹಚ್ಚುತ್ತಿದ್ದ ಗಂಡನ ಬಳಿ ಹೋದರು. ಅಷ್ಟೂ ಜನರ ಮುಂದೆ ಅವರ ಎರಡೂ ಕೈಗಳನ್ನು ಹಿಡಿದುಕೊಂಡು ನಿಂತರು.