ಇನ್ನೊಮ್ಮೆ ಹಾರು ಅಂದವನು ನಾನೇ

ಕಳೆದ ಕ್ಷಣ ಮರಳಿ ಬಾರದು. ಇದು ಋಷಿಗಳಿಂದ ಹಿಡಿದು ಗಡಿಯಾರ ರಿಪೇರಿಯವನವರೆಗೆ ಎಲ್ಲರೂ ಒಪ್ಪಿದ ಸತ್ಯ. ಒಪ್ಪದವನು ಮದುವೆಯ ಫೋಟೋಗ್ರಾಫರನೊಬ್ಬನೇ. ತಾಳಿ ಕಟ್ಟಿದ್ದು ಸರಿಯಾಗಿ ಬರಲಿಲ್ಲವೋ, ‘ಇನ್ನೊಮ್ಮೆ ಕಟ್ರಿ’ ಅನ್ನುತ್ತಾನೆ. ಮದುಮಗ ಕಟ್ಟುತ್ತಾನೆ, ಹಿರಿಯರು ಸುಮ್ಮನಿರುತ್ತಾರೆ. ಬೆಳಗಾವಿಯಲ್ಲಿ ಮೂವತ್ತು ವರ್ಷ ನಾನು ಇದೇ ಕಸುಬು ಮಾಡಿದವನು.

ಇದೇ ‘ಇನ್ನೊಮ್ಮೆ’ಯಿಂದ ನಾನು ನದೀಮ್ ಎಂಬ ಗಿಟಾರ್ ವಾದಕನ ಎಡಗೈ ಮುರಿದೆ. ಆಮೇಲೆ, ವಿಚಾರಿಸಲು ಬಂದ ಅವನ ತಂದೆಯ ಮುಂದೆ ಅವನನ್ನು ಕುಡುಕನೆಂದೂ ಸುಳ್ಳನೆಂದೂ ಮಾಡಿ ಕಳಿಸಿದೆ. ಮೊದಲನೆಯದು ತಪ್ಪು. ಎರಡನೆಯದು — ಎರಡನೆಯದಕ್ಕೆ ಬೇರೆ ಹೆಸರಿರಬೇಕು.

ಖಾನಾಪುರ ರಸ್ತೆಯಲ್ಲಿ ಒಂದು ಮಹಡಿಯ ಹೋಟೆಲು. ಮೇಲೆ ‘ಕ್ಲಬ್’ ಎಂದು ಬೋರ್ಡು. ನಮ್ಮ ಕಾಲಕ್ಕೆ ಕ್ಲಬ್ ಅಂದರೆ ಇಸ್ಪೀಟು. ಇಲ್ಲಿ ಭಾನುವಾರ ಸಂಜೆ ನಾಲ್ಕಕ್ಕೆ, ಊಟದ ಗಿರಾಕಿಗಳು ಬರುವ ಮೊದಲು, ಸ್ವಂತ ಹಾಡು ಕಟ್ಟುವ ರಾಕ್ ಬ್ಯಾಂಡಿನವರು ನುಡಿಸುತ್ತಿದ್ದರು. ಮಾಲೀಕ ಒಮ್ಮೆ ಫೋಟೋಕ್ಕೆಂದು ಕರೆದ. ಮುಂದಿನ ವಾರ ಕರೆಯದೆಯೂ ಹೋದೆ. ಕಿವಿಯಲ್ಲಿ ಹತ್ತಿ ತುರುಕಿಕೊಂಡು, ಇಸ್ತ್ರಿ ಮಾಡಿದ ಸಫಾರಿಯಲ್ಲಿ, ಇಪ್ಪತ್ತು ಮೂವತ್ತು ಜನ ಎಳೆಯರ ನಡುವೆ ಮೊಣಕಾಲೂರಿ ಕೂರುತ್ತಿದ್ದೆ. ಆ ಗದ್ದಲ ನನಗೆ ತಿಳಿಯುತ್ತಿತ್ತೆಂದು ಹೇಳಲಾರೆ. ಆದರೆ ನುಡಿಸುವವರು ಯಾರೂ ಕ್ಯಾಮೆರಾದ ಕಡೆ ನೋಡುತ್ತಿರಲಿಲ್ಲ. ಮೂವತ್ತು ವರ್ಷದಲ್ಲಿ ಅಂಥ ಮುಖ ನಾನು ಕಂಡದ್ದು ಅಲ್ಲಿಯೇ.

ನದೀಮನ ಬ್ಯಾಂಡಿನ ಹೆಸರು ‘ಮೂರನೇ ಗೇಟು’ — ರೈಲ್ವೆ ಗೇಟಿನ ಬಾಜೂಕೇ ಅವರ ತಾಲೀಮು, ಅದಕ್ಕೆ. ಅವನು ಖಾನಾಪುರದವನು, ವಾರವೆಲ್ಲ ಉದ್ಯಮಬಾಗದ ಫೌಂಡ್ರಿಯಲ್ಲಿ ಲೇಥ್ ಮೇಲೆ ಕೆಲಸ. ಅವನ ತಂದೆ ಗೌಸುಸಾಬರದು ಖಾನಾಪುರದಲ್ಲಿ ಗಾದಿ ಹೊಲಿಯುವ ಅಂಗಡಿ. ಅವರ ಮಗಳ ಮದುವೆಯ ಫೋಟೋ ನನ್ನವೇ. ನಾನು ಆ ಕ್ಲಬ್ಬಿಗೆ ಹೋಗುತ್ತೇನೆಂದು ತಿಳಿದ ದಿನ ಅವರು ನನ್ನ ಸ್ಟುಡಿಯೋಕ್ಕೇ ಬಂದು ಹೇಳಿದ್ದರು: “ಮಾಸ್ತರ, ಬಾರಸಲಿ, ಕುಣೀಲಿ, ನಾ ಬ್ಯಾಡ ಅನ್ನಂಗಿಲ್ಲ. ದಾರೂ ಮಾತ್ರ ಮುಟ್ಟಬಾರದು. ಅದನ್ನ ಅವಗೂ ಹೇಳೇನಿ. ನೀವು ಹಿರಿಯರದೀರಿ, ಒಂದು ಕಣ್ಣಿಟ್ಟಿರ್ರಿ.”

ಕಣ್ಣಿಡುವುದೇ ನನ್ನ ವೃತ್ತಿ ಎಂದು ಗತ್ತಿನಿಂದ ಹೇಳಿ ಚಹಾ ತರಿಸಿದ್ದೆ. ನದೀಮ್ ಮುಟ್ಟಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಅವನು ಕುಡಿಯುತ್ತಿದ್ದುದು ನಿಂಬೂ ಸೋಡಾ — ಇದನ್ನು ಇಲ್ಲಿಯೇ ಬರೆದಿಡುತ್ತೇನೆ.

ಆ ಭಾನುವಾರ ಕೊನೆಯ ಹಾಡಿಗೆ ಅವನು ಸ್ಪೀಕರ್ ಡಬ್ಬಿಯ ಮೇಲೆ ಹತ್ತಿ, ಗಿಟಾರ್ ಸಮೇತ ಹಾರಿದ. ಇಡೀ ಮಹಡಿ ಕೂಗಿತು. ನಾನು ಆ ಹೊತ್ತಿಗೆ ಲೆನ್ಸ್ ಒರೆಸುತ್ತಿದ್ದೆ.

ಜನ ಇಳಿದರು. ಬ್ಯಾಂಡಿನ ಉಳಿದಿಬ್ಬರು ಡ್ರಮ್ಮು, ಅದರ ಕೆಳಗೆ ಹಾಸುತ್ತಿದ್ದ ಜಮಖಾನ ಹೊತ್ತು ಕೆಳಗೆ ಹೋದರು. ಹೋಟೆಲಿನವನು ಊಟದ ಗಿರಾಕಿಗಳಿಗೆಂದು ನೆಲ ಒರೆಸಿ ಹೋದ. ಮೇಲೆ ಉಳಿದವರು ನಾವಿಬ್ಬರೇ. ನಾನು ಅಂದೆ — “ನದೀಮ್, ಇನ್ನೊಮ್ಮೆ ಹಾರೋ.”

ಅವನು ನಕ್ಕ. “ಕಾಕಾ, ಇದೇನು ಲಗ್ನ ಅಂತ ತಿಳದೀರೇನ್ರಿ? ಹಾಡs ಮುಗದೈತಿ.”

“ಹಾಡು ಫೋಟೋದಾಗ ಕೇಳಸ್ತದೇನೋ? ಹತ್ತು ಮ್ಯಾಲೆ.”

“ಫರಶಿ ಹಸೀ ಐತ್ರಿ ಕಾಕಾ.”

“ಅದಕ್ಕs ಚಲೋ ಬರ್ತದ.”

ಇದು ನನ್ನ ಮಾತು, ಅಕ್ಷರಶಃ. ನೆಲ ಹಸಿಯಿದ್ದದ್ದು ನನಗೆ ಅವನಿಗಿಂತ ಮೊದಲೇ ಕಂಡಿತ್ತು. ಅದರಲ್ಲಿ ಅವನ ಪ್ರತಿಬಿಂಬ ಮೂಡುತ್ತದೆ, ಚಿತ್ರಕ್ಕೆ ಕಳೆ ಬರುತ್ತದೆ — ನನ್ನ ತಲೆಯಲ್ಲಿದ್ದದ್ದು ಅಷ್ಟೇ. ಹಿರಿಯರ ಮಾತು ತೆಗೆದುಹಾಕುವ ಹುಡುಗ ಅವನಲ್ಲ. ಗಿಟಾರು ಕೊರಳಿಗೆ ಹಾಕಿಕೊಂಡು ಡಬ್ಬಿ ಹತ್ತಿದ, ಹಾರಿದ. ನಾನು ಒತ್ತಿದೆ. ಚಿತ್ರ ಬಂತು. ಕಾಲು ಜಾರಿ ಎಡ ಮುಂಗೈ ಮೇಲೆ ಬಿದ್ದ ಸದ್ದೂ ಬಂತು. ನಾನು ಮೊದಲು ನೋಡಿದ್ದು ಕ್ಯಾಮೆರಾದ ಹಿಂಬದಿಯ ಪರದೆಯನ್ನು. ಅವನನ್ನು ನೋಡಿದ್ದು ಆಮೇಲೆ.

ಪ್ಲಾಸ್ಟರ್ ಹಾಕಿದ ಮೂರನೇ ದಿನ ಗೌಸುಸಾಬರು ಬಸ್ಸಿನಲ್ಲಿ ನನ್ನ ಸ್ಟುಡಿಯೋಕ್ಕೆ ಬಂದರು. ಕುಂದರ್ರಿ ಅಂದರೂ ಕೂರಲಿಲ್ಲ.

“ಮಾಸ್ತರ, ಹುಡುಗ ಹೇಳ್ತಾನ, ಆಟಾ ಮುಗದಮ್ಯಾಲ ನೀವs ಹಾರು ಅಂದ್ರಿ ಅಂತ. ನನಗ ನಂಬಿಗಿ ಬರವಲ್ದು. ಖರೇ ಏನ್ರಿ?”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ‘ಹೌದ್ರಿ’ ಎಂದಿದ್ದರೆ ತಲೆಯಾಡಿಸಿ, ಆಗಿದ್ದು ಆತು ಎಂದು ಹೊರಡುತ್ತಿದ್ದರೇನೋ. ಆದರೆ ಅಷ್ಟರಲ್ಲಿ ಚಿತ್ರ ನನ್ನ ಗೋಡೆಗೆ ಏರಿತ್ತು. ‘ಹಾಡಿನ ನಡುವೆ’ ಎಂದು ಹೆಸರಿಟ್ಟು ಒಂದು ಸ್ಪರ್ಧೆಗೂ ಕಳಿಸಿಯಾಗಿತ್ತು. ಜೊತೆಗೆ ನಾನು ಹಿರಿಯ — ಹಿರಿಯನೊಬ್ಬ, ಒದ್ದೆ ನೆಲದ ಮೇಲೆ, ಒಂದು ಫೋಟೋಕ್ಕಾಗಿ... ನಾಲಿಗೆ ತಾನೇ ದಾರಿ ಹುಡುಕಿಕೊಂಡಿತು ಎನ್ನಬಹುದು. ಅದೂ ಸುಳ್ಳು. ದಾರಿ ಹುಡುಕಿದವನು ನಾನೇ.

“ನಾ ಯಾಕ ಹಂಗ ಹೇಳ್ಲೆರಿ? ಹಾಡು ನಡದಾಗs ಹಾರಿದಾ. ತುಸು... ತಗೊಂಡಿದ್ದಾ ಕಾಣಸ್ತದ.”

ಅವರು ಬಹಳ ಹೊತ್ತು ಆ ಚಿತ್ರದ ಎದುರು ನಿಂತರು. ಗಿಟಾರಿಗೆ ವೈರೇ ಇಲ್ಲ ಚಿತ್ರದಲ್ಲಿ. ಹಾಡು ಮುಗಿದು, ಸ್ಪೀಕರಿಗೆ ಹೋಗುವ ಆ ವೈರನ್ನು ಬಿಚ್ಚಿ ಸುತ್ತಿಟ್ಟಾಗಿತ್ತು. ಗಾದಿ ಹೊಲಿಯುವ ಮನುಷ್ಯನಿಗೆ ಅದು ಹೇಗೆ ತಿಳಿಯಬೇಕು? ತಿಳಿಯಬಾರದೆಂದು ನಾನು ಉಸಿರು ಹಿಡಿದು ನಿಂತಿದ್ದೆ.

“ಕುಡದಾ. ಮ್ಯಾಲ ನಿಮ್ಮಂಥಾವರ ಹೆಸರಲೆ ಸುಳ್ಳೂ ಹೇಳಿದಾ,” ಅಂದರು. ಹೋಗುವಾಗ ನನಗೆ ಕೈಮುಗಿದರು.

ಬಹುಮಾನ ಬಂತು. ಶಾಲು, ಹಾರ, ಕಲಾತಪಸ್ವಿ ಎಂಬ ಸಂಬೋಧನೆ. ತೀರ್ಪುಗಾರರಿಗೂ ವೈರು ಕಾಣಲಿಲ್ಲ. ನದೀಮನ ಮುಂಗೈ ಸೊಟ್ಟಗೆ ಕೂಡಿಕೊಂಡಿತು. ಬೆರಳು ತಂತಿಯ ಮೇಲೆ ಹರಡಿ ನಿಲ್ಲಲಿಲ್ಲ. ಬ್ಯಾಂಡಿಗೆ ಬೇರೊಬ್ಬ ಬಂದ. ನದೀಮ್ ಮನೆ ಬಿಟ್ಟು, ಜಾಂಬೋಟಿ ಘಟ್ಟದ ಮೇಲಿಂದ ಗೋವಾಕ್ಕೆ ಕಾಯಿಪಲ್ಲೆ ಒಯ್ಯುವ ಟೆಂಪೋದಲ್ಲಿ ಕೆಲಸಕ್ಕೆ ಸೇರಿದ. ನನ್ನ ಬಳಿ ಜಗಳಕ್ಕೆ ಬರಲಿಲ್ಲ. ಬರಲಿ ಎಂದು ನಾನು ಎಷ್ಟು ಭಾನುವಾರ ಕಾದೆನೆಂದರೆ — ಇರಲಿ, ಅದು ನನ್ನ ದುಃಖ, ಅದಕ್ಕೆ ಇಲ್ಲಿ ಜಾಗವಿಲ್ಲ.

ಆರು ವರ್ಷದ ಮೇಲೆ, ಹೋದ ತಿಂಗಳು, ಖಾನಾಪುರಕ್ಕೆ ಹೋಗಿ ಗೌಸುಸಾಬರಿಗೆ ಎಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಸೂಜಿಯನ್ನು ಗಾದಿಗೆ ಚುಚ್ಚಿ ನಿಲ್ಲಿಸಿದರು. ಬಯ್ಯಲಿಲ್ಲ. “ಆರು ವರ್ಷ ನಾ ಅವಗ ಕುಡುಕಾ ಅಂದೇನ್ರಿ,” ಅಂದರು. ಆಮೇಲೆ ಹಾಳೆಯೊಂದನ್ನು ನನ್ನ ಮುಂದಿಟ್ಟು, “ಬರದ ಕೊಡ್ರಿ. ನನ್ನ ಮಾತು ಅವ ಈಗ ಕೇಳಂಗಿಲ್ಲ.”

ಅಲ್ಲಿಯೇ, ಗಾದಿಗಳ ನಡುವೆ ಕೂತು, ನಡೆದದ್ದೆಲ್ಲ ಅದರಲ್ಲಿ ಬರೆದು ಸಹಿ ಮಾಡಿದೆ. ಚಹಾ ಕೊಡಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ. ಮರುದಿನ ಅವರೇ ಟೆಂಪೋ ನಿಲ್ಲುವಲ್ಲಿಗೆ ಹೋಗಿ ಮಗನ ಕೈಗೆ ಕೊಟ್ಟರಂತೆ.

ನದೀಮ್ ಅದನ್ನು ಓದಿದ್ದಾನೆ. ಮನೆಗೆ ಬಂದಿಲ್ಲ.